ಬೆಕ್ಕು ಕಿತ್ತ ಒತ್ತಕ್ಷರ

ಬೆಕ್ಕಿಗೆ ಬೆಚ್ಚಗಿನ ಜಾಗ ಬೇಕು. ಊರಲ್ಲಾದರೆ ಒಲೆಯ ಬದಿ, ಬಾಡಿಗೆ ಮನೆಯಲ್ಲಾದರೆ ಲ್ಯಾಪ್‌ಟಾಪ್. ನಮ್ಮ ಮನೆಯ ಮಿಂಚು ಅಷ್ಟಕ್ಕೇ ತೃಪ್ತಳಾಗಿದ್ದರೆ ತೊಂದರೆ ಇರಲಿಲ್ಲ. ಗೋಡೆಯಿಂದ ಬಿದ್ದ ಹಲ್ಲಿಯನ್ನು ಹಿಡಿಯಲು ಅವಳು ಹಾರಿದ ರಭಸಕ್ಕೆ ಎಫ್, ಜಿ, ಎಚ್ ಮೂರೂ ಕೀಲಿಗಳು ಕಿತ್ತು ಬಂದವು. ಹಲ್ಲಿ ಮಾತ್ರ ತಪ್ಪಿಸಿಕೊಂಡಿತು.

ಮೂರು ಕೀಲಿ ತಾನೇ ಎನ್ನಬೇಡಿ. ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನನಗೆ ಅರ್ಜಿ ಶುಲ್ಕ, ಬಸ್ ಚಾರ್ಜು ಹುಟ್ಟುವುದು ಪ್ರಿಂಟಿಂಗ್ ಪ್ರೆಸ್ಸಿಗೆ ಕನ್ನಡ ಟೈಪ್ ಮಾಡಿಕೊಡುವುದರಿಂದ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ಯಲ್ಲಿ ನಾವೆಲ್ಲ ಬಳಸುವ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸುವುದೇ ಎಫ್ ಕೀಲಿ. ಅದಿಲ್ಲದಿದ್ದರೆ ಅಪ್ಪ ‘ಅಪಪ’, ಅಮ್ಮ ‘ಅಮಮ’, ಕನ್ನಡ ‘ಕನನಡ’. ಮದುವೆ ಸೀಸನ್‌ನಲ್ಲಿ ಇಂಥ ಆಮಂತ್ರಣ ಪತ್ರಿಕೆ ಯಾರಿಗೆ ಬೇಕು?

ಸರ್ವಿಸ್ ಸೆಂಟರ್‌ನವರು ಕೀಬೋರ್ಡ್ ಸಮೇತ ಮೇಲಿನ ಇಡೀ ಪ್ಯಾನೆಲ್ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಟೈಪಿಂಗ್ ಸಂಪಾದನೆ. ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದೆ.

ತುರ್ತಿಗೆ ಎರಡು ದಾರಿಗಳಿವೆ. ವಿಂಡೋಸ್, ಕಂಟ್ರೋಲ್, ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಮೇಲೆಯೇ ಕೀಬೋರ್ಡ್ ಮೂಡುತ್ತದೆ. ಇನ್ನೊಂದು, ಯುಎಸ್‌ಬಿ ಕೀಬೋರ್ಡ್. ಗೆಳತಿಯಿಂದ ಅದನ್ನು ಎರವಲು ತಂದು ಆ ವಾರದ ಕೆಲಸ ಮುಗಿಸಿದೆ.

ಕೀಲಿಯ ಮುಚ್ಚಳವಷ್ಟೇ ಕಿತ್ತು ಬಂದಿದ್ದರೆ ಖರ್ಚೇ ಇಲ್ಲ. ಅದರಡಿ ಕತ್ತರಿಯಂತೆ ಮಡಚುವ ಪುಟ್ಟ ಪ್ಲಾಸ್ಟಿಕ್ ಕ್ಲಿಪ್, ನಡುವೆ ರಬ್ಬರ್ ಗುಮ್ಮಟ ಇರುತ್ತವೆ. ಎರಡೂ ಸರಿಯಿದ್ದರೆ ಮುಚ್ಚಳವನ್ನು ನೇರ ಇಟ್ಟು ಮೆಲ್ಲಗೆ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ನನ್ನದರಲ್ಲಿ ಕ್ಲಿಪ್‌ಗಳು ಮುರಿದಿದ್ದವು, ಎಫ್ ಕೀಲಿಯ ರಬ್ಬರ್ ಹರಿದಿತ್ತು. ಹೀಗಾದರೆ ಕೀಬೋರ್ಡ್ ಬದಲಿಸುವುದೇ ಮೇಲು. ಪ್ರಾಣಿ ಮೂತ್ರ ಮಾಡಿದ್ದರೆ ವಿಷಯವೇ ಬೇರೆ. ತಕ್ಷಣ ಚಾರ್ಜರ್ ತೆಗೆದು, ಆಫ್ ಮಾಡಿ, ತಲೆಕೆಳಗಾಗಿಸಿ ರಿಪೇರಿಗೆ ಒಯ್ಯಿರಿ. ಒಣಗಿದ ಮೇಲೂ ಅದರ ಲವಣ ಒಳಗಿನ ಬೋರ್ಡನ್ನು ತಿನ್ನುತ್ತದೆ.

ಲ್ಯಾಪ್‌ಟಾಪ್ ಅಡಿಯ ಮಾಡೆಲ್ ಸಂಖ್ಯೆ, ಹಳೆಯ ಕೀಬೋರ್ಡ್ ಬೆನ್ನಿನ ಪಾರ್ಟ್ ಸಂಖ್ಯೆ ಎರಡನ್ನೂ ಫೋಟೊ ತೆಗೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಎಂಟರ್ ಕೀಲಿಯ ಆಕಾರ, ಹಿಂಬದಿ ಬೆಳಕು ಇದೆಯೇ, ರಿಬ್ಬನ್ ಕೇಬಲ್ ಎಲ್ಲಿಂದ ಹೊರಡುತ್ತದೆ, ಮೂರನ್ನೂ ಹೋಲಿಸಿ ನೋಡಿಯೇ ಕೊಳ್ಳಬೇಕು. ಸರ್ವಿಸ್ ಸೆಂಟರ್ ಹೇಳಿದ್ದರ ಕಾಲುಭಾಗಕ್ಕಿಂತ ಕಡಿಮೆಗೆ ಸಿಕ್ಕಿತು.

ಕೆಲಸ ಸುಲಭವೇ, ಅವಸರ ಕೂಡದು. ಆಫ್ ಮಾಡಿ ಮೊದಲು ಬ್ಯಾಟರಿ ಸಂಪರ್ಕ ತಪ್ಪಿಸಬೇಕು. ಹಾಳೆಯ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಇಟ್ಟೆ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಒಳಗಿನದನ್ನು ತೂತು ಮಾಡೀತು. ರಿಬ್ಬನ್ ಕೇಬಲ್ ಎಳೆಯುವಂತಿಲ್ಲ. ಅದನ್ನು ಹಿಡಿದ ಪುಟ್ಟ ಲಾಕನ್ನು ಉಗುರಿನಿಂದ ಎತ್ತಿದರೆ ತಾನೇ ಸಡಿಲವಾಗುತ್ತದೆ. ಪೂರ್ತಿ ಮುಚ್ಚುವ ಮೊದಲು ಪ್ರತಿ ಕೀಲಿಯನ್ನೂ ಒತ್ತಿ ಪರೀಕ್ಷಿಸಿದೆ. ಎಲ್ಲ ಸೇರಿ ಒಂದೂವರೆ ಗಂಟೆ.

ಎಲ್ಲ ಮಾಡೆಲ್‌ಗಳೂ ಇಷ್ಟು ಉದಾರಿಗಳಲ್ಲ. ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿರುತ್ತಾರೆ. ಅಂಥದ್ದನ್ನು ಅನುಭವಿಗಳಿಗೇ ಬಿಡಿ. ವಾರಂಟಿ ಇದ್ದರೆ ಬಿಚ್ಚುವ ಮೊದಲು ಷರತ್ತು ಓದಿ. ಸಾಮಾನ್ಯ ವಾರಂಟಿ ಬೆಕ್ಕಿನ ಪ್ರತಾಪಕ್ಕೆ ಹಣ ಕೊಡುವುದಿಲ್ಲ, ಆಕಸ್ಮಿಕ ಹಾನಿಯ ವಿಮೆ ಮಾಡಿಸಿದ್ದರೆ ಕೇಳಿ ನೋಡಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿದೆ. ದೂರಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಲ್ಯಾಪ್‌ಟಾಪ್ ಶೋಕಿಯಲ್ಲ, ಅನ್ನದ ದಾರಿ. ಅದು ನಿಂತಾಗ ಹೊಸದಕ್ಕೆ ಸಾಲ ಹುಡುಕುವ ಮೊದಲು ಕೆಟ್ಟಿರುವುದು ಯಾವ ಭಾಗ ಎಂದು ಕೇಳೋಣ. ಆಮೇಲೆ ಇಬ್ಬರು ಗೆಳೆಯರ ಕೀಬೋರ್ಡ್ ಬದಲಿಸಿಕೊಟ್ಟೆ. ಒಬ್ಬ ಟೀ ಕುಡಿಸಿದ, ಇನ್ನೊಬ್ಬ ಹಣವನ್ನೇ ಕೊಟ್ಟ. ಮುಂದಿನ ಪರೀಕ್ಷೆಯ ಅರ್ಜಿ ಶುಲ್ಕ ಅದರಿಂದಲೇ ಕಟ್ಟಿದ್ದೇನೆ.