ಕುದಿಯುವ ನೀರಿನ ಲೆಕ್ಕ

ದೋಸೆಯ ಕಾವಲಿ ಕಾದಿದೆಯೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ನಾಲ್ಕು ಹನಿ ನೀರು ಚಿಮುಕಿಸುವುದುಂಟು. ಕಾವು ಹದವಾಗಿದ್ದರೆ ಹನಿಗಳು ಚುರ್ರೆಂದು ಒಡನೆಯೇ ಆರಿಹೋಗುತ್ತವೆ. ಹದ ಮೀರಿದ್ದರೆ ಪಾದರಸದ ಗುಂಡುಗಳಂತೆ ಅತ್ತಿತ್ತ ಓಡಾಡುತ್ತ ಬಹಳ ಹೊತ್ತು ಉಳಿಯುತ್ತವೆ. ಕಾವು ಹೆಚ್ಚಿದಷ್ಟೂ ನೀರು ಬೇಗ ಆರಬೇಕಲ್ಲವೆ ಎಂದು ನೀವು ಕೇಳಬಹುದು. ಆದರೆ ಅತಿಯಾಗಿ ಕಾದ ಲೋಹಕ್ಕೂ ಹನಿಗೂ ನಡುವೆ ಆವಿಯ ತೆಳುಪದರವೊಂದು ಹಾಸಿಕೊಂಡು ಶಾಖವನ್ನು ತಡೆಯುತ್ತದೆ.

ಅಡಿಗೆಮನೆಯಲ್ಲಿ ಇದೊಂದು ಮೋಜು. ಪರಮಾಣು ವಿದ್ಯುದಾಗಾರದಲ್ಲಿ ಹಾಗಲ್ಲ. ಅಲ್ಲಿ ಯುರೇನಿಯಂ ಇಂಧನವನ್ನು ತೆಳ್ಳನೆಯ ಲೋಹದ ಕೊಳವೆಗಳಲ್ಲಿ ತುಂಬಿ, ಸುತ್ತಲೂ ನೀರು ಹರಿಯಿಸಿ ಶಾಖವನ್ನು ಹೊರತರುತ್ತಾರೆ. 1969ರಲ್ಲಿ ಕೆಲಸ ಆರಂಭಿಸಿದ ತಾರಾಪುರದ ಮೊದಲ ಎರಡು ರಿಯಾಕ್ಟರುಗಳು, ಈ ನೀರು ಕೊಳವೆಗಳ ಮಗ್ಗುಲಲ್ಲಿಯೇ ಕುದಿಯುವಂತೆ ರಚಿಸಿದವು. ಗುಳ್ಳೆಗಳು ಎದ್ದೆದ್ದು ಹೋಗುತ್ತಿರುವವರೆಗೆ ಭಯವಿಲ್ಲ. ಕುದಿಯುವ ನೀರಿನಷ್ಟು ಚೆನ್ನಾಗಿ ಶಾಖವನ್ನು ಹೊತ್ತೊಯ್ಯುವ ವಸ್ತುಗಳು ಕಡಮೆ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ಆವಿಯ ಹೊದಿಕೆಯಾದವೋ, ಕೊಳವೆಯ ಉಷ್ಣತೆ ಥಟ್ಟನೆ ಏರುತ್ತದೆ. ಜಪಾನಿನ ನುಕಿಯಾಮ ಎಂಬ ವಿಜ್ಞಾನಿ ತೆಳುವಾದ ತಂತಿಯನ್ನು ನೀರಿನಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಕಾಯಿಸಿ, ಕುದಿತದ ಈ ಮಜಲುಗಳನ್ನು 1934ರಲ್ಲಿಯೇ ಅಳೆದು ತೋರಿಸಿದ್ದರು.

ರಿಯಾಕ್ಟರಿನ ದೊಡ್ಡ ಕೊಳಾಯಿಯೊಂದು ಒಡೆದರೆ ಏನಾದೀತು? ಒತ್ತಡ ಕುಸಿದು ನೀರು ಆವಿಯಾಗಿ ಹೊರಕ್ಕೆ ಚಿಮ್ಮುತ್ತದೆ. ಕಾದ ಕೊಳವೆಗಳ ಮೇಲೆ ತುರ್ತಿನ ನೀರನ್ನು ಹಾಯಿಸಬೇಕಾಗುತ್ತದೆ. ಹದ ಮೀರಿದ ಕಾವಲಿಯ ಮೇಲೆ ನೀರು ಚಿಮುಕಿಸಿದ ಕಥೆಯೇ ಇದು. ನಿಜವಾದ ವಿದ್ಯುದಾಗಾರವನ್ನು ಒಡೆದು ನೋಡುವಂತಿಲ್ಲವಾದ್ದರಿಂದ ಕಂಪ್ಯೂಟರಿಗೆ ಲೆಕ್ಕ ಕೊಡುತ್ತಾರೆ. ಕಂಪ್ಯೂಟರಾದರೂ ಲಕ್ಷೋಪಲಕ್ಷ ಗುಳ್ಳೆಗಳನ್ನು ಒಂದೊಂದಾಗಿ ಎಣಿಸಲಾರದು. ಸರಾಸರಿಗಳನ್ನು ಹಿಡಿದು, ಪ್ರಯೋಗಗಳಿಂದ ಪಡೆದ ಸೂತ್ರಗಳನ್ನು ಸೇರಿಸಿ ಉತ್ತರ ಹೇಳುತ್ತದೆ. ಯಾವ ಪ್ರಯೋಗದಿಂದ ಸೂತ್ರ ಪಡೆದರೋ ಅದೇ ಪ್ರಯೋಗಕ್ಕೆ ಉತ್ತರ ತಾಳೆಯಾದರೆ ಅದೇನೂ ಹೆಚ್ಚುಗಾರಿಕೆಯಲ್ಲ. ಮೊದಲೇ ನೋಡಿಕೊಂಡ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಂತೆ! ಹೊಸ ಪ್ರಯೋಗ ನಡೆಯುವ ಮೊದಲೇ ಉತ್ತರವನ್ನು ಬರೆದಿಟ್ಟು, ಆಮೇಲೆ ಹೋಲಿಸಬೇಕು.

ಅಮೆರಿಕದ ಐಡಾಹೊ ಪ್ರಾಂತದಲ್ಲಿ ಇಂಥ ಪರೀಕ್ಷೆಗಳು ನಡೆದವು. 1970ರ ಸುಮಾರಿಗೆ, ಯುರೇನಿಯಂ ಬದಲು ವಿದ್ಯುತ್ತಿನಿಂದ ಕಾಯುವ ಒಂದು ಸಣ್ಣ ಮಾದರಿಯಲ್ಲಿ ತುರ್ತಿನ ನೀರನ್ನು ಹಾಯಿಸಿದರು. ನೀರಿನ ಬಹುಭಾಗ ಕಾದ ಸರಳುಗಳನ್ನು ಮುಟ್ಟದೆ ಒಡಕಿನ ದಾರಿಯಲ್ಲಿಯೇ ಹೊರಟುಹೋಯಿತು. ಇಷ್ಟು ಚಿಕ್ಕ ಮಾದರಿಯನ್ನು ನಂಬಬಹುದೆ ಎಂದು ಕೆಲವರು, ಹಾಗಾದರೆ ಲೆಕ್ಕವನ್ನು ಮಾತ್ರ ನಂಬುವುದು ಹೇಗೆ ಎಂದು ಕೆಲವರು. ಎರಡೂ ನ್ಯಾಯವಾದ ಪ್ರಶ್ನೆಗಳೇ. 1972 ಮತ್ತು 1973ರಲ್ಲಿ ದೀರ್ಘವಾದ ಬಹಿರಂಗ ವಿಚಾರಣೆ ನಡೆದು, ಅಪಘಾತದ ಲೆಕ್ಕದಲ್ಲಿ ಕೊಳವೆಯ ಉಷ್ಣತೆ ಸುಮಾರು 1200 ಡಿಗ್ರಿ ಸೆಂಟಿಗ್ರೇಡನ್ನು ಮೀರಕೂಡದೆಂಬ ಕಟ್ಟಳೆ 1974ರಲ್ಲಿ ಬಂದಿತು. ಅದಕ್ಕೂ ಮೇಲೆ ಕೊಳವೆಯ ಜಿರ್ಕೋನಿಯಂ ಆವಿಯೊಡನೆ ವೇಗವಾಗಿ ಬೆರೆತು ಪೆಡಸಾಗುತ್ತದೆ.

ಬಳಿಕ ಅಲ್ಲಿಯೇ 'ಲಾಫ್ಟ್' ಎಂಬ ನಿಜವಾದ ಪುಟ್ಟ ರಿಯಾಕ್ಟರಿನಲ್ಲಿ, 1978ರ ಡಿಸೆಂಬರಿನಲ್ಲಿ, ಕೊಳಾಯಿ ಒಡೆದಂತೆ ಮಾಡಿಯೇ ನೋಡಿದರು. ಕೊಳವೆಗಳು ಐನೂರು ಡಿಗ್ರಿಯ ಆಚೀಚೆಗೆ ಏರಿ, ಮುಂಚಿತವಾಗಿ ಬರೆದಿಟ್ಟ ಲೆಕ್ಕ ಹೇಳದಿದ್ದಷ್ಟು ಬೇಗನೆ, ಕೆಲವೇ ಸೆಕೆಂಡುಗಳಲ್ಲಿ, ಮತ್ತೆ ನೀರು ಸೋಕಿ ತಣ್ಣಗಾದವು. ಸಂತೋಷದ ಸುದ್ದಿಯೇ ಸರಿ. ಆದರೂ ಲೆಕ್ಕ ತಪ್ಪಿತ್ತಲ್ಲ! ಒಳ್ಳೆಯ ಕಡೆಗೆ ತಪ್ಪಿದರೂ ತಪ್ಪಿನ ಕಾರಣ ಗೊತ್ತಾಗಬೇಕು.

ಇಲ್ಲೊಂದು ಸ್ವಾರಸ್ಯ. ಉಷ್ಣತೆಯನ್ನು ಅಳೆಯುವ ತಂತಿಗಳನ್ನು ಕೊಳವೆಗಳ ಹೊರಮೈಗೆ ಬೆಸೆದಿದ್ದರು. ಆ ತಂತಿಗಳೇ ರೆಕ್ಕೆಗಳಂತೆ ಶಾಖವನ್ನು ಚೆಲ್ಲಿ ಕೊಳವೆಗಳನ್ನು ಬೇಗ ತಣಿಸಿರಬಹುದೆ ಎಂಬ ಸಂಶಯ ಹುಟ್ಟಿತು. ಅಳೆಯುವ ಕೋಲನ್ನೇ ಅಳೆಯಲು ಬೇರೆ ಪ್ರಯೋಗಗಳು ಬೇಕಾದವು. ಲಾಫ್ಟಿನ ಕೊನೆಯ ಪರೀಕ್ಷೆ 1985ರಲ್ಲಿ ಮುಗಿಯಿತು. ಅದರ ಅಂಕಿಗಳನ್ನು ಮಾತ್ರ ಇಂದಿಗೂ ಹೊಸ ಕಂಪ್ಯೂಟರ್ ಲೆಕ್ಕಗಳ ಮುಂದೆ ಹಿಡಿಯುತ್ತಾರೆ.