‘ಕಾಂತಾರ’ ಆಸ್ಕರ್‌ಗೆ ನಾಮಿನೇಟ್ ಆಗಿತ್ತೇ?

‘ಕಾಂತಾರ ಆಸ್ಕರ್‌ಗೆ ನಾಮಿನೇಟ್ ಆಗಿತ್ತು.’ ಮತ್ತಿಕೆರೆಯ ಓದುಗರೊಬ್ಬರು ಈ ಫಾರ್ವರ್ಡ್ ಕಳಿಸಿ, ನಿಜವೇ ಎಂದು ನಮ್ಮನ್ನು ಕೇಳಿದ್ದಾರೆ.

ಇಲ್ಲ. ಆದರೆ ಈ ಮಾತು ಹುಟ್ಟಿದ್ದು ನಿಜವಾದ ಪಟ್ಟಿಯೊಂದರಿಂದ.

ಏನದು ಪಟ್ಟಿ?
2023ರ ಜನವರಿಯಲ್ಲಿ ಆಸ್ಕರ್ ಅಕಾಡೆಮಿಯು 95ನೇ ಪ್ರಶಸ್ತಿಗೆ ಅರ್ಹವಾದ 301 ಚಿತ್ರಗಳ ಪಟ್ಟಿ ಪ್ರಕಟಿಸಿತು. ‘ಕಾಂತಾರ’, ‘ವಿಕ್ರಾಂತ್ ರೋಣ’ ಎರಡೂ ಅದರಲ್ಲಿದ್ದವು.

ಅರ್ಹತೆ ಎಂದರೇನು?
40 ನಿಮಿಷಕ್ಕಿಂತ ದೊಡ್ಡ ಚಿತ್ರವು ಅಮೆರಿಕದ ನಿಗದಿತ ನಗರಗಳಲ್ಲೊಂದರ ಚಿತ್ರಮಂದಿರದಲ್ಲಿ ಸತತ 7 ದಿನ ಓಡಿರಬೇಕು, ಚಿತ್ರತಂಡ ಅರ್ಜಿ ಸಲ್ಲಿಸಿರಬೇಕು. ಈ ಹಂತದಲ್ಲಿ ಯಾರೂ ಮತ ಹಾಕುವುದಿಲ್ಲ. ನಾಮಿನೇಷನ್‌ಗೆ ಅಕಾಡೆಮಿ ಸದಸ್ಯರ ಮತ ಬೇಕು. ಆ ವರ್ಷ ಜನವರಿ 24ರಂದು ಬಂದ ನಾಮಿನೇಷನ್ ಪಟ್ಟಿಯಲ್ಲಿ ಈ ಎರಡೂ ಚಿತ್ರಗಳಿರಲಿಲ್ಲ.

ಭಾರತದ ಅಧಿಕೃತ ಚಿತ್ರ?
ಅದರ ದಾರಿಯೇ ಬೇರೆ. ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ವರ್ಷಕ್ಕೊಂದು ಚಿತ್ರ ಆರಿಸಿ ಕಳಿಸುತ್ತದೆ. ಆ ಸಲ ಹೋದದ್ದು ಗುಜರಾತಿಯ ‘ಛೆಲ್ಲೋ ಶೋ’.

ಹಾಗಾದರೆ ಹೆಮ್ಮೆಯಿಂದ ಏನು ಹಂಚಬಹುದು?
‘ಕಾಂತಾರ’ದ ನಟನೆಗೆ ರಿಷಬ್ ಶೆಟ್ಟಿ ಅವರಿಗೆ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟ ಗೌರವ ಸಿಕ್ಕಿದೆ. ಇದು ನಿಜ. ಧಾರಾಳವಾಗಿ ಫಾರ್ವರ್ಡ್ ಮಾಡಿ.