ಶುಕ್ರವಾರ ಊರಿಗೆ ಬರುವ ರಾಯಭಾರ ಕಚೇರಿ

ಸೌದಿ ಅರೇಬಿಯಾದ ಉತ್ತರ ತುದಿಯಲ್ಲಿ, ಇರಾಕ್ ಗಡಿಗೆ ಹತ್ತಿರ ಅರಾರ್ ಎಂಬ ಪಟ್ಟಣವಿದೆ. ಅಲ್ಲಿಂದ ರಿಯಾದ್‌ನ ಭಾರತೀಯ ರಾಯಭಾರ ಕಚೇರಿಗೆ ಸಾವಿರ ಕಿಲೋಮೀಟರ್ ಆಸುಪಾಸಿನ ದಾರಿ. ಅರಾರ್‌ನಲ್ಲಿ ದುಡಿಯುವ ಭಾರತೀಯನ ಪಾಸ್‌ಪೋರ್ಟ್ ಅವಧಿ ಮುಗಿಯಿತೆನ್ನಿ. ಅದು ಹೊಸದಾಗದೆ ಅವನು ಊರಿಗೆ ಹೋಗಿಬರುವಂತಿಲ್ಲ. ವಾಸದ ಪರವಾನಗಿಯಾದ ಇಖಾಮಾಕ್ಕೂ ತೊಡಕು ಶುರುವಾಗುತ್ತದೆ. ಆದರೆ ಅವನಿಗೆ ರಜೆ ಇರುವುದು ಶುಕ್ರವಾರ, ರಾಯಭಾರ ಕಚೇರಿಗೂ ಶುಕ್ರವಾರವೇ ರಜೆ. ಬೇರೆ ದಿನ ಹೋಗಿ ಬರಬೇಕೆಂದರೆ ಎರಡು ಮೂರು ದಿನದ ಸಂಬಳ ಹೋಯಿತು, ಬಸ್ ಚಾರ್ಜು ಬೇರೆ. ಅದಕ್ಕೂ ಮೊದಲು ಕಫೀಲ್, ಅಂದರೆ ಅವನನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕ, ಒಪ್ಪಬೇಕು.

ಈ ಗಂಟು ಬಿಡಿಸಲು ರೂಢಿಗೆ ಬಂದದ್ದೇ ಕಾನ್ಸುಲರ್ ಕ್ಯಾಂಪ್. ಕಚೇರಿಗೆ ಜನ ಬರಲಾಗದಿದ್ದರೆ ಕಚೇರಿಯೇ ಜನರ ಬಳಿಗೆ ಹೋಗುತ್ತದೆ, ಅದೂ ವಾರದ ರಜೆಯ ದಿನ. ರಿಯಾದ್‌ನಿಂದ ಹೊರಟ ತಂಡ ಹಾಯಿಲ್, ಬುರೈದಾ, ಸಕಾಕಾ, ಅರಾರ್, ಜುಬೈಲ್ ಕಡೆಗೆ ಹೋಗುತ್ತದೆ. ಪಶ್ಚಿಮ ಭಾಗವನ್ನು ನೋಡಿಕೊಳ್ಳುವ ಜಿದ್ದಾ ಕಾನ್ಸುಲೇಟ್‌ನ ತಂಡ ತಬೂಕ್, ಅಭಾ, ಜಿಝಾನ್, ನಜ್ರಾನ್ ಕಡೆಗೆ. ಆ ದೇಶದಲ್ಲಿರುವ ಭಾರತೀಯರು 25 ಲಕ್ಷ ಮೀರುತ್ತಾರೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಅಲ್ಲಿನ ದುಡಿಮೆಯಿಂದ. ಆದರೂ ಭಾರತಕ್ಕೆ ಅಲ್ಲಿರುವುದು ಒಂದು ರಾಯಭಾರ ಕಚೇರಿ, ಒಂದು ಕಾನ್ಸುಲೇಟ್.

ಹೋಟೆಲ್ಲಿನ ಹಾಲ್ ಅಥವಾ ಶಾಲೆಯ ಕೊಠಡಿ, ನಾಲ್ಕಾರು ಮೇಜು, ಒಂದು ಪ್ರಿಂಟರ್. ಕ್ಯಾಂಪ್ ಎಂದರೆ ಹೊರನೋಟಕ್ಕೆ ಇಷ್ಟೇ. ಬಾಗಿಲ ಬಳಿಯ ಮೊದಲ ಮೇಜಿನಲ್ಲಿ ಸ್ಥಳೀಯ ಸಂಘಟನೆಗಳ ಸ್ವಯಂಸೇವಕರು ಅರ್ಜಿ ತುಂಬಿಕೊಡುತ್ತಾರೆ. ನಿಜವಾದ ಕೆಲಸ ನಡೆಯುವುದು ಅಲ್ಲೇ. ಹಳೆಯ ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಆಚೀಚೆ ಆಗಿರುತ್ತದೆ. ಫೋಟೊದ ಹಿನ್ನೆಲೆ ಬಿಳಿಯಾಗಿರದೆ ನೀಲಿಯಾಗಿರುತ್ತದೆ. ಸಹಿ ಹಾಕಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಪಾಸ್‌ಪೋರ್ಟ್ ಅಲ್ಲೇ ಅಚ್ಚಾಗಿ ಕೈಗೆ ಬರುವುದಿಲ್ಲ. ಅರ್ಜಿ ಕಚೇರಿಗೆ ಹೋಗಿ, ವಾರಗಳ ಬಳಿಕ ಹೊಸ ಪುಸ್ತಕ ಸಿಗುತ್ತದೆ.

ಸಹಿ ದೃಢೀಕರಣದ ಮೇಜಿಗೂ ಬೇಡಿಕೆ ಕಡಿಮೆಯಲ್ಲ. ಊರಲ್ಲಿ ಜಾಗ ಪಾಲಾಗಬೇಕು, ಅಣ್ಣನಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಡಬೇಕು. ನೋಟರಿ ಮಾಡುವಂಥ ಈ ಕೆಲಸಕ್ಕೆ ವಿದೇಶದಲ್ಲಿರುವ ಭಾರತೀಯ ಅಧಿಕಾರಿಗೆ 1948ರ ಕಾಯ್ದೆಯೊಂದು ಅಧಿಕಾರ ಕೊಟ್ಟಿದೆ. ಹಾಗೆ ಸಹಿಯಾದ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಊರಿನವರಿಗೆ ಇದು ಗೊತ್ತಿಲ್ಲದೆ ಪತ್ರ ಬೀರುವಿನಲ್ಲೇ ಉಳಿದರೆ ಅಲ್ಲಿ ಸರದಿಯಲ್ಲಿ ನಿಂತದ್ದೆಲ್ಲ ವ್ಯರ್ಥ.

ಇನ್ನೊಂದು ಮೇಜಿಗೆ ಬರುವವರ ಕೈಯಲ್ಲಿ ಕಾಗದವೇ ಇರುವುದಿಲ್ಲ. ಸಂಬಳ ಸಿಗದೆ ಕೆಲಸ ಬಿಟ್ಟು ಹೊರಟವನ ಮೇಲೆ ಮಾಲೀಕ 'ಹುರೂಬ್', ಅಂದರೆ ತಪ್ಪಿಸಿಕೊಂಡು ಹೋದವ ಎಂದು ದೂರು ದಾಖಲಿಸಿರುತ್ತಾನೆ. ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಉಳಿದಿರುತ್ತದೆ. ಇಂಥವರಿಗೆ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ, ಗಲ್ಫ್‌ನವರ ಬಾಯಲ್ಲಿ ಇದು 'ಔಟ್‌ಪಾಸ್'. ಒಮ್ಮೆ ಮಾತ್ರ, ಭಾರತಕ್ಕೆ ಮರಳಲು ಮಾತ್ರ ಬಳಕೆಯಾಗುವ ಕಾಗದ. ಔಟ್‌ಪಾಸ್ ಸಿಕ್ಕ ಮೇಲೂ ದೇಶ ಬಿಡಲು ಸೌದಿ ಅಧಿಕಾರಿಗಳ ಎಕ್ಸಿಟ್ ಅನುಮತಿ ಬೇಕು, ಅದಕ್ಕೆ 'ತರ್ಹೀಲ್' ಎಂಬ ಗಡೀಪಾರು ಕೇಂದ್ರದ ಬಾಗಿಲು ತಟ್ಟಬೇಕು.

2021ರ ಮಾರ್ಚ್‌ನಲ್ಲಿ ಸೌದಿ ಸರ್ಕಾರ ಖಾಸಗಿ ಕಂಪನಿಗಳ ನೌಕರರಿಗೆ ಮಾಲೀಕನ ಒಪ್ಪಿಗೆಯಿಲ್ಲದೆ ದೇಶ ಬಿಟ್ಟು ಹೋಗುವ ಅವಕಾಶ ಕೊಟ್ಟಿತು. ದೊಡ್ಡ ಸುಧಾರಣೆಯೇ. ಆದರೆ ಮನೆಗೆಲಸದವರು, ಮನೆಯ ಡ್ರೈವರುಗಳು, ತೋಟದವರು, ಕುರಿ ಮೇಯಿಸುವವರು ಅದರ ಹೊರಗೇ ಉಳಿದರು. ಊರಿನಿಂದ ದೂರದ ಮರಳಿನಲ್ಲಿ ಕುರಿಗಳೊಂದಿಗೆ ಇರುವವನಿಗೆ, ನಾಲ್ಕು ಗೋಡೆಯ ನಡುವಿನ ಮನೆಗೆಲಸದ ಹೆಂಗಸಿಗೆ ಹತ್ತಿರದ ಪಟ್ಟಣದ ಕ್ಯಾಂಪೂ ದೂರವೇ. ಯಾರಿಗೆ ಈ ಸೇವೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಸರದಿಯಲ್ಲಿ ಕಾಣುವುದಿಲ್ಲ. ಕ್ಯಾಂಪಿನ ವ್ಯವಸ್ಥೆಯಲ್ಲಿ ಇನ್ನೂ ತುಂಬದ ಕೊರತೆ ಇದು.

ಸಾವು ಬಂದಾಗ ದೂರದ ಭಾರ ಇನ್ನಷ್ಟು ತಿಳಿಯುತ್ತದೆ. ಮರುಭೂಮಿಯ ಹೆದ್ದಾರಿಯಲ್ಲಿ ಅಪಘಾತವಾಗಿ ಒಬ್ಬ ತೀರಿಕೊಂಡ ಎಂದಿಟ್ಟುಕೊಳ್ಳಿ. ಶವ ಚಿಕ್ಕ ಊರಿನ ಆಸ್ಪತ್ರೆಯ ಶೈತ್ಯಾಗಾರದಲ್ಲಿದೆ. ಪೊಲೀಸ್ ವರದಿ ಬೇಕು, ಆಸ್ಪತ್ರೆಯ ವರದಿ ಬೇಕು, ಮರಣ ಪತ್ರ ಬೇಕು. ಶವವನ್ನು ಅಲ್ಲೇ ಮಣ್ಣು ಮಾಡಬೇಕೋ ಊರಿಗೆ ಕಳಿಸಬೇಕೋ ಎಂದು ಮನೆಯವರು ಬರೆದುಕೊಡಬೇಕು, ಅಲ್ಲಿ ಓಡಾಡಲು ಒಬ್ಬರಿಗೆ ಅಧಿಕಾರಪತ್ರವನ್ನೂ ಕೊಡಬೇಕು. ಇವೆಲ್ಲ ಕೂಡಿದ ಮೇಲೆ ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ರಿಯಾದ್‌ನ ಅಧಿಕಾರಿ ಪ್ರತಿ ಊರಿನ ಪೊಲೀಸ್ ಠಾಣೆಗೂ ಹೋಗಲಾರ. ಹೋಗುವವರು ಅಲ್ಲೇ ಅಂಗಡಿಯನ್ನೋ ಡ್ರೈವರ್ ಕೆಲಸವನ್ನೋ ಮಾಡಿಕೊಂಡಿರುವ, ಅರಬ್ಬಿ ಬಲ್ಲ ಸ್ವಯಂಸೇವಕರು. ಮಲಯಾಳಿಗಳ ಜೊತೆ ನಮ್ಮ ಕರಾವಳಿಯ ಸಂಘಟನೆಗಳವರೂ ಈ ಕೆಲಸದಲ್ಲಿದ್ದಾರೆ. ಸತ್ತವನ ಜಾತಿ, ಧರ್ಮ, ರಾಜ್ಯ ಕೇಳದೆ, ಸಂಬಳವಿಲ್ಲದೆ ಇವರು ಠಾಣೆ, ಆಸ್ಪತ್ರೆ, ಕಾರ್ಗೋ ಕಚೇರಿ ಅಲೆಯುತ್ತಾರೆ. ಸರ್ಕಾರದ ಯಾವ ವಾರ್ಷಿಕ ವರದಿಯೂ ಇವರ ಋಣ ತೀರಿಸಲಾರದು.

ಶವ ಸಾಗಿಸುವ ಖರ್ಚು ಮಾಲೀಕನದೇ ಎಂದು ಸೌದಿ ಕಾರ್ಮಿಕ ಕಾನೂನು ಹೇಳುತ್ತದೆ. ಮಾಲೀಕ ಕೈಯೆತ್ತಿದರೆ ಬಡ ಕುಟುಂಬಕ್ಕೆ ನೆರವಾಗುವುದು 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ. ಈ ಹಣ ಬರುವುದು ಬಹುಪಾಲು ಅದೇ ಮೇಜುಗಳಿಂದ. ಪಾಸ್‌ಪೋರ್ಟ್‌ಗೋ ದೃಢೀಕರಣಕ್ಕೋ ಬಂದ ಪ್ರತಿಯೊಬ್ಬನ ಶುಲ್ಕದಲ್ಲಿ ಒಂದು ಸಣ್ಣ ಮೊತ್ತ ನಿಧಿಗೆ ಸೇರುತ್ತದೆ. ಊಟ, ವಸತಿ, ವಕೀಲರ ಶುಲ್ಕ, ವಿಮಾನದ ಟಿಕೆಟ್‌ಗೂ ಇದನ್ನು ಬಳಸಬಹುದು.

ಇದೆಲ್ಲ ಶಾಂತಿಯ ಕಾಲದ ಮಾತು, ಯುದ್ಧ ಬಂದರೆ ಕ್ಯಾಂಪ್ ಹೋಗಲಾರದು. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಕಾಳಗ ಹೊತ್ತಿಕೊಂಡಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದರು. ಹಲವರು ಇದ್ದದ್ದು ಡಾರ್ಫರ್‌ನ ಅಲ್ ಫಾಶಿರ್‌ನಲ್ಲಿ, ರಾಜಧಾನಿ ಖಾರ್ಟೂಮ್‌ನಿಂದ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ. ಖಾರ್ಟೂಮ್‌ನಲ್ಲಿದ್ದ ಭಾರತೀಯ ರಾಯಭಾರ ಕಚೇರಿಯೇ ಗುಂಡಿನ ಮಳೆಯ ನಡುವೆ ಇತ್ತು. ಜನರನ್ನು ಕರೆತರಲು ಭಾರತ ನಡೆಸಿದ ಆಪರೇಷನ್ ಕಾವೇರಿಯಲ್ಲಿ ನೌಕಾಪಡೆಯ ಹಡಗುಗಳೂ ವಾಯುಪಡೆಯ ವಿಮಾನಗಳೂ ಪೋರ್ಟ್ ಸುಡಾನ್‌ನಿಂದ ಅವರನ್ನು ಜಿದ್ದಾಕ್ಕೆ ಮುಟ್ಟಿಸಿದವು. ದೇಶದ ಒಳಗಿನಿಂದ ಬಂದರಿನವರೆಗಿನ ಬಸ್ ಪ್ರಯಾಣವೇ ಆ ಕಾರ್ಯಾಚರಣೆಯ ಕಠಿಣ ಭಾಗ.

ಸೌದಿಯಲ್ಲಿ ಕ್ಯಾಂಪ್‌ಗಳು ಇನ್ನೂ ಹೆಚ್ಚಬೇಕು. ವರ್ಷದ ವೇಳಾಪಟ್ಟಿ ಮೊದಲೇ ಪ್ರಕಟವಾದರೆ ರಜೆ ಕೇಳಲು ಕಾರ್ಮಿಕನಿಗೆ ಸಮಯ ಸಿಗುತ್ತದೆ. ಅರ್ಜಿಯ ಮೇಜಿನಲ್ಲಿ ಕನ್ನಡ, ತೆಲುಗು, ಮಲಯಾಳಂ ಬಲ್ಲವರು ಸ್ವಯಂಸೇವಕರಾಗಿ ಮಾತ್ರ ಇದ್ದರೆ ಸಾಲದು, ಸಂಬಳದ ಸಿಬ್ಬಂದಿಯಲ್ಲೂ ಇರಬೇಕು.

ಊರಿನ ಮನೆಯವರ ಕೈಯಲ್ಲೂ ಕೆಲವು ಕೆಲಸಗಳಿವೆ. ಗಲ್ಫ್‌ಗೆ ಹೋದವನ ಪಾಸ್‌ಪೋರ್ಟ್ ಮತ್ತು ಇಖಾಮಾದ ಪ್ರತಿ, ಮಾಲೀಕನ ಹೆಸರು, ಫೋನ್ ನಂಬರ್ ಮನೆಯಲ್ಲಿರಲಿ. ಸಂಬಳ ನಿಂತರೆ, ಸುದ್ದಿಯೇ ಇಲ್ಲವಾದರೆ ವಿದೇಶಾಂಗ ಸಚಿವಾಲಯ 2015ರಲ್ಲಿ ತೆರೆದ 'ಮದದ್' ಪೋರ್ಟಲ್‌ನಲ್ಲಿ ಇಲ್ಲಿಂದಲೇ ದೂರು ಕೊಡಬಹುದು. ಎಸ್‌ಎಸ್‌ಎಲ್‌ಸಿ ಆಗದೆ ಹೋದ ಕಾರ್ಮಿಕರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ವಿಮೆ ಇದೆ. ಆ ಪಾಲಿಸಿಯ ಕಾಗದ ಎಲ್ಲಿದೆ ಎಂದು ಹೊರಡುವ ಮುನ್ನವೇ ಕೇಳಿಟ್ಟುಕೊಳ್ಳಬೇಕು.